ನಿರ್ಣಾಯಕ ಕ್ಷಣ ಅಂದರೆ ಯಾವ ಕ್ಷಣ? ಬ್ರೆಸೋನ್ ಟಿಪ್ಪಣಿ

ಪದದಲ್ಲೇ ಎಡವಿದ್ದು

ಫ್ರೆಂಚ್ ಫೋಟೋಗ್ರಾಫರ್ ಹೆನ್ರಿ ಕಾರ್ಟಿಯೆ-ಬ್ರೆಸೋನ್ (1908–2004) ಬಗ್ಗೆ ಓದಲು ಕೂತರೆ ಮೊದಲು ಸಿಗುವ ಮಾತೇ 'ನಿರ್ಣಾಯಕ ಕ್ಷಣ'. ನಾನು ಇದನ್ನು ಎರಡು ತಿಂಗಳು ತಪ್ಪಾಗಿ ಹಿಡಿದುಕೊಂಡಿದ್ದೆ. ನಿರ್ಣಾಯಕ ಅಂದಮೇಲೆ ಅಲ್ಲಿ ದೊಡ್ಡದೇನೋ ನಡೆಯಬೇಕು, ವಿಕೆಟ್ ಹಾರುವ ಹಾಗೆ, ಅಂದುಕೊಂಡಿದ್ದೆ.

ಅದೇ ತಲೆಯಲ್ಲಿಟ್ಟುಕೊಂಡು ಮಂಡ್ಯದ ಹತ್ತಿರದ ಒಂದು ಆಲೆಮನೆಗೆ ಹೋದೆ. ಕೊಪ್ಪರಿಗೆಯಿಂದ ಪಾಕ ಸುರಿಯುವ ಗಳಿಗೆಗಾಗಿ ಕಾದು ಅರವತ್ತು ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಎಲ್ಲದರಲ್ಲೂ ಬರೀ ಹಬೆ. ಒಂದರಲ್ಲಿ ಕೈ ಇದೆ, ಮುಖ ಇಲ್ಲ. ಇನ್ನೊಂದರಲ್ಲಿ ಕಂಬ ಅಡ್ಡ.

ಅರ್ಥ ಬಿಡಿಸಿದ್ದು ಪುಸ್ತಕದ ಹೆಸರು. 'ನಿರ್ಣಾಯಕ ಕ್ಷಣ' ಅನ್ನೋದು 1952ರ ಅವರ ಪುಸ್ತಕದ ಇಂಗ್ಲಿಷ್ ಹೆಸರಿನಿಂದ ಬಂದದ್ದು. ಫ್ರೆಂಚ್ ಹೆಸರೇ ಬೇರೆ: 'ಇಮಾಜ್ ಅ ಲಾ ಸೋವೆತ್'. ಲೈಸೆನ್ಸ್ ಇಲ್ಲದೆ ಬೀದಿಯಲ್ಲಿ ಮಾರುವವರ ಬಗ್ಗೆ ಫ್ರೆಂಚರು 'ಅ ಲಾ ಸೋವೆತ್' ಅನ್ನುತ್ತಾರೆ. ಪೊಲೀಸರು ಕಂಡರೆ ತಕ್ಷಣ ಗಂಟು ಕಟ್ಟಿ ಹೊರಡಲು ತಯಾರಾಗಿ ಮಾರುವುದು. ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತಿನಲ್ಲಿ ಟಾರ್ಪಾಲು ಹಾಸಿ ಕೂತವರನ್ನು ನೆನೆಸಿಕೊಳ್ಳಿ. ಒಂದು ಕಣ್ಣು ಗಿರಾಕಿಯ ಮೇಲೆ, ಇನ್ನೊಂದು ರಸ್ತೆಯ ತುದಿಯ ಮೇಲೆ. ಈ ಚಿತ್ರ ಮನಸ್ಸಿಗೆ ಬಂದಮೇಲೆ ನನಗೆ ಗೊತ್ತಾಯಿತು: ಎಚ್ಚರ ಇರಬೇಕಾದ್ದು ನನ್ನಲ್ಲಿ. ಎದುರಿಗೆ ದೊಡ್ಡ ಘಟನೆ ಇರಲೇಬೇಕು ಅಂತೇನಿಲ್ಲ.

ಮೊದಲು ಜಾಗ, ಆಮೇಲೆ ಜನ

ಪ್ಯಾರಿಸ್‌ನ ಸಾನ್ ಲಜಾರ್ ರೈಲು ನಿಲ್ದಾಣದ ಹಿಂದೆ 1932ರಲ್ಲಿ ತೆಗೆದ ಚಿತ್ರವನ್ನು ನೀವೂ ನೋಡಿರುತ್ತೀರಿ. ನಿಂತ ನೀರಿನ ಮೇಲೆ ಒಬ್ಬ ಹಾರುತ್ತಿದ್ದಾನೆ. ಹಿಮ್ಮಡಿ ಇನ್ನೇನು ನೀರಿಗೆ ತಾಗಬೇಕು. ನಾನು ಅವನನ್ನಷ್ಟೇ ನೋಡಿ ಮುಂದೆ ಹೋಗಿದ್ದೆ. ಈಗ ಅವನ ಹಿಂದಿನ ಗೋಡೆ ನೋಡಿ. ಅಲ್ಲೊಂದು ಪೋಸ್ಟರ್, ಅದರಲ್ಲಿ ನರ್ತಕಿಯೂ ಹಾರುತ್ತಿದ್ದಾಳೆ, ಆದರೆ ಎದುರು ದಿಕ್ಕಿಗೆ. ಕೆಳಗೆ ನೀರಿನಲ್ಲಿ ಅವನ ಪ್ರತಿಬಿಂಬ ತಲೆಕೆಳಗಾಗಿ ಹಾರುತ್ತಿದೆ. ಒಂದು ಹಾರುವಿಕೆಗೆ ಇನ್ನೆರಡು ಜೊತೆಯಾಗಿವೆ. ಆಕಾರಗಳು ಹೀಗೆ ಕೂಡಿಕೊಂಡ ಗಳಿಗೆಯೇ ನಿರ್ಣಾಯಕ. ಈ ಮಾತನ್ನು ನಾನು ನನ್ನ ನೋಟ್‌ಬುಕ್ಕಿನಲ್ಲಿ ಮೂರು ಸಲ ಬರೆದುಕೊಂಡಿದ್ದೇನೆ.

ಅದೇ ವರ್ಷ ಫ್ರಾನ್ಸಿನ ಇಯೆರ್ ಊರಿನಲ್ಲಿ ತೆಗೆದ ಸೈಕಲ್ ಚಿತ್ರ ಇನ್ನೂ ಒಳ್ಳೆಯ ಪಾಠ. ಸುತ್ತಿಕೊಂಡು ಇಳಿಯುವ ಮೆಟ್ಟಿಲು, ಕಬ್ಬಿಣದ ಕಂಬಿ, ಕೆಳಗೆ ಬಾಗಿದ ರಸ್ತೆ. ಸೈಕಲ್ ಸವಾರ ಮಸುಕಾಗಿದ್ದಾನೆ, ಮೆಟ್ಟಿಲು ಸ್ಪಷ್ಟವಾಗಿದೆ. ಸವಾರನನ್ನು ಬೆರಳಿನಿಂದ ಮುಚ್ಚಿ ನೋಡಿ. ಖಾಲಿ ಜಾಗವೇ ಅರ್ಧ ಚಿತ್ರ ಅಲ್ವಾ?

ಇದನ್ನು ಹಿಡಿದುಕೊಂಡು ಆಲೆಮನೆಗೆ ಮತ್ತೆ ಹೋದೆ. ಈ ಸಲ ಪಾಕದ ಹಿಂದೆ ಓಡಲಿಲ್ಲ. ಎಡಕ್ಕೆ ಒಣಗಿದ ಕಬ್ಬಿನ ಸಿಪ್ಪೆಯ ರಾಶಿ, ಬಲಕ್ಕೆ ಬೆಳಕು ಬೀಳುವ ಬಾಗಿಲು, ನಡುವೆ ಖಾಲಿ ನೆಲ. ಅಲ್ಲೇ ಮುಕ್ಕಾಲು ಗಂಟೆ ನಿಂತೆ. ಬೆಲ್ಲ ಕೊಳ್ಳಲು ಅಜ್ಜಿಯ ಜೊತೆ ಬಂದಿದ್ದ ಹುಡುಗಿಯೊಬ್ಬಳು ಬಾಳೆಲೆ ಚೂರಿನಲ್ಲಿ ಬಿಸಿ ಬೆಲ್ಲ ಇಸ್ಕೊಂಡು ಆ ಖಾಲಿ ಜಾಗದಲ್ಲಿ ನಿಂತಳು. ತುಟಿ ಮುಂದೆ ಮಾಡಿ ಉಫ್ ಅಂತ ಊದಿದಳು. ಅವಳು ಊದಿದ ಕಡೆಗೇ ಹಿಂದೆ ಕೊಪ್ಪರಿಗೆಯ ಹಬೆಯೂ ಬಾಗಿತ್ತು. ಒಂದೇ ಫೋಟೋ ಸಿಕ್ಕಿತು. ಅಜ್ಜಿಗೆ ತೋರಿಸಿ, ಇಟ್ಟುಕೊಳ್ಳಲು ಒಪ್ಪಿಗೆ ಕೇಳಿದೆ. ನಕ್ಕು ಹೂಂ ಅಂದರು.

ಕ್ಯಾಮೆರಾ

ಬ್ರೆಸೋನ್ ಬಳಸಿದ್ದು ಲೈಕಾ, ಹೆಚ್ಚಾಗಿ 50 ಮಿ.ಮೀ. ಲೆನ್ಸ್. ಕಲಿಯುವವರಿಗೆ 35 ಸುಲಭ. ಫುಲ್‌ಫ್ರೇಮ್ (ಸೆನ್ಸರ್ 35 ಮಿ.ಮೀ. ಫಿಲ್ಮ್‌ನಷ್ಟೇ ದೊಡ್ಡದಿರುವ) ಕ್ಯಾಮೆರಾದಲ್ಲಿ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, f/8ಕ್ಕೆ, ಫೋಕಸ್ 3 ಮೀಟರ್‌ಗೆ ಮೊದಲೇ ಇಟ್ಟುಬಿಡಿ. ಸುಮಾರು 2ರಿಂದ 7 ಮೀಟರ್‌ವರೆಗೆ ಸ್ಪಷ್ಟವಾಗಿ ಬರುತ್ತದೆ. 50ರಲ್ಲಿ ಇದೇ ಲೆಕ್ಕ 2.3ರಿಂದ 4.2ಕ್ಕೆ ಇಳಿಯುತ್ತದೆ. ಜಾಗ ಮೊದಲೇ ಆರಿಸಿದ್ದರೆ ಅದೂ ಸಾಕು.

ಮೆರವಣಿಗೆಗೆ ಬೆನ್ನು

1937ರಲ್ಲಿ ಲಂಡನ್‌ನಲ್ಲಿ ಆರನೇ ಜಾರ್ಜ್ ಪಟ್ಟಾಭಿಷೇಕ. ಪತ್ರಿಕೆಗಾಗಿ ಹೋದ ಬ್ರೆಸೋನ್ ರಾಜನ ಕಡೆ ಕ್ಯಾಮೆರಾ ತಿರುಗಿಸಲೇ ಇಲ್ಲ. ನೋಡಲು ಬಂದ ಜನರನ್ನು ತೆಗೆದರು. 1947ರಲ್ಲಿ ರಾಬರ್ಟ್ ಕಾಪಾ ಮುಂತಾದ ಗೆಳೆಯರ ಜೊತೆ ಮ್ಯಾಗ್ನಮ್ ಅನ್ನುವ ಫೋಟೋಗ್ರಾಫರ್‌ಗಳ ಸಹಕಾರಿ ಸಂಸ್ಥೆ ಕಟ್ಟಿದರು. ಫೋಟೋದ ಹಕ್ಕು ತೆಗೆದವರ ಹತ್ತಿರವೇ ಉಳಿಯಬೇಕು ಅನ್ನೋದು ಅದರ ಮುಖ್ಯ ನಿಯಮ. ಇವತ್ತು ಫೋಟೋ ಮಾರುವ ನಮಗೂ ಇದು ಬೇಕಾದ ವಿಷಯ.

ನಮ್ಮ ಮೈಸೂರಿನಲ್ಲೇ ಹುಟ್ಟಿದ ಫೋಟೋಗ್ರಾಫರ್ ಟಿ. ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನೂ ಜೊತೆಗಿಟ್ಟು ನೋಡಿ. ಯುನಿಸೆಫ್‌ಗಾಗಿ ಅವರು ತೆಗೆದ ಮಕ್ಕಳ ಚಿತ್ರಗಳಿಂದ ಶುರು ಮಾಡಿ. ನನಗೆ ಇಬ್ಬರಲ್ಲಿ ಸತ್ಯನ್ ಜಾಸ್ತಿ ಹತ್ತಿರ. ಅವರ ಚಿತ್ರಗಳಲ್ಲಿ ಜನರ ಮುಖ ಮೊದಲು ಕಾಣುತ್ತದೆ, ಆಕಾರದ ಲೆಕ್ಕ ಆಮೇಲೆ.

ಈ ಸಲ ಜಂಬೂಸವಾರಿ ದಿನ ಅಂಬಾರಿಗೆ ಬೆನ್ನು ಮಾಡಿ ನಿಲ್ಲುತ್ತೇನೆ. ಕೆ. ಆರ್. ವೃತ್ತದ ಹತ್ತಿರ ಜಾಗ ನೋಡಿಟ್ಟಿದ್ದೇನೆ. ಅಪ್ಪನ ಹೆಗಲ ಮೇಲೆ ಮಕ್ಕಳು ಕೂರುತ್ತಾರಲ್ಲ, ಆ ಸಾಲು ಕಾಣುವ ಜಾಗ.