ಅಗಸ್ಟಾದ ಇಳಿಜಾರು, ಅದರಡಿಯ ಮರಳು

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿರುವ ಅಗಸ್ಟಾ ನ್ಯಾಷನಲ್ ಗಾಲ್ಫ್ ಮೈದಾನ ಟಿ.ವಿ. ಪರದೆಯಲ್ಲಿ ಬಹುಮಟ್ಟಿಗೆ ಸಪಾಟಾಗಿ ಕಾಣುತ್ತದೆ. ಕ್ಯಾಮೆರಾ ಇಳಿಜಾರನ್ನು ನುಂಗಿಬಿಡುತ್ತದೆ. 10ನೇ ಗುಳಿಗೆ ಮೊದಲ ಹೊಡೆತ ಹೊಡೆಯುವ ಜಾಗದಿಂದ ಅದರ ಗ್ರೀನ್ (ಗುಳಿಯ ಸುತ್ತಲಿನ ನುಣ್ಣಗೆ ಕತ್ತರಿಸಿದ ಹುಲ್ಲಿನ ಅಂಗಳ) ತಲುಪುವಷ್ಟರಲ್ಲಿ ನೆಲ ನೂರು ಅಡಿಗೂ ಹೆಚ್ಚು ಕೆಳಗಿಳಿದಿರುತ್ತದೆ.

ಮೊದಲು ಇಲ್ಲಿದ್ದದ್ದು ಹಣ್ಣಿನ ಗಿಡಗಳ ನರ್ಸರಿ. 1931ರಲ್ಲಿ ಆ ಜಾಗ ಕೈಗೆ ಬಂದಮೇಲೆ ಆಟಗಾರ ಬಾಬಿ ಜೋನ್ಸ್ ಮತ್ತು ವಿನ್ಯಾಸಕಾರ ಅಲಿಸ್ಟರ್ ಮೆಕೆಂಜಿ ಸೇರಿ ಮೈದಾನ ರೂಪಿಸಿದರು. ಮೆಕೆಂಜಿ ವೈದ್ಯರಾಗಿದ್ದವರು, ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಎದುರಾಳಿಗಳು ಕಂದಕಗಳನ್ನು ಮರೆಮಾಡುತ್ತಿದ್ದ ಬಗೆಯನ್ನು ಕಂಡು ಕಲಿತವರು. ಆದರೂ ಇಲ್ಲಿ ಅವರು ತೋಡಿಸಿದ ಬಂಕರ್‌ಗಳು, ಅಂದರೆ ಚೆಂಡನ್ನು ಸಿಕ್ಕಿಸುವ ಮರಳಿನ ಗುಂಡಿಗಳು, 22 ಮಾತ್ರ. ಆಟಗಾರನನ್ನು ಕಾಡುವ ಕೆಲಸವನ್ನು ಗ್ರೀನ್‌ಗಳ ಏರಿಳಿತಕ್ಕೇ ಬಿಟ್ಟಿದ್ದರು. ಇಲ್ಲಿ ಪ್ರತಿವರ್ಷ ನಡೆಯುವ ಮಾಸ್ಟರ್ಸ್ ಪಂದ್ಯಾವಳಿ ಮೊದಲು ನಡೆದದ್ದು 1934ರ ಮಾರ್ಚ್‌ನಲ್ಲಿ, ಮೆಕೆಂಜಿ ತೀರಿಕೊಂಡದ್ದು ಅದೇ ವರ್ಷದ ಜನವರಿಯಲ್ಲಿ.

ಆ ಪಂದ್ಯದ ಬಳಿಕ ಮೊದಲ ಒಂಬತ್ತು ಗುಳಿಗಳನ್ನೂ ಕೊನೆಯ ಒಂಬತ್ತನ್ನೂ ಅದಲುಬದಲು ಮಾಡಲಾಯಿತು. ತಂಪು ಗಾಳಿ ತಗ್ಗಿಗೆ ಇಳಿದು ನಿಲ್ಲುತ್ತದೆ. ಅದಲುಬದಲಿಗೆ ಮುಂಚೆ ಮೊದಲ ಒಂಬತ್ತರಲ್ಲಿದ್ದ ತೊರೆಯ ಬದಿಯ ಮೂಲೆಯಲ್ಲಿ ಹೆಪ್ಪುಗಟ್ಟಿದ ಇಬ್ಬನಿ ತಡವಾಗಿ ಕರಗುತ್ತಿತ್ತು. ಹೆಪ್ಪುಗಟ್ಟಿದ ಹುಲ್ಲನ್ನು ತುಳಿದರೆ ಜೀವಕೋಶಗಳು ಒಡೆದು ಎಲೆ ಕಂದಾಗುತ್ತದೆ. ಎತ್ತರದ ಗುಳಿಗಳಿಂದ ಆಟ ಶುರುಮಾಡಿದರೆ ಬಿಸಿಲಿಗೆ ಸಮಯ ಸಿಗುತ್ತದೆ.

ಇನ್ನು ಗ್ರೀನ್‌ನ ವೇಗ. ಇದನ್ನು ಅಳೆಯುವ ಸ್ಟಿಂಪ್‌ಮೀಟರ್ 36 ಇಂಚು ಉದ್ದದ, ಉದ್ದಕ್ಕೂ ತೋಡಿರುವ ಅಲ್ಯುಮಿನಿಯಂ ಪಟ್ಟಿ. ಮೇಲ್ತುದಿಯ ಕಚ್ಚಿನಲ್ಲಿ ಚೆಂಡಿಟ್ಟು ಪಟ್ಟಿಯನ್ನು ನಿಧಾನವಾಗಿ ಎತ್ತುತ್ತಾ ಹೋದರೆ ಸುಮಾರು 20 ಡಿಗ್ರಿಯಲ್ಲಿ ಚೆಂಡು ತಾನೇ ಕಳಚಿಕೊಂಡು ಉರುಳುತ್ತದೆ. ಎಷ್ಟು ಅಡಿ ಉರುಳಿತೋ ಅದೇ ಗ್ರೀನ್‌ನ ವೇಗ. ಒಂದು ದಿಕ್ಕಿಗೆ ಉರುಳಿಸಿ, ಮತ್ತೆ ಎದುರು ದಿಕ್ಕಿಗೂ ಉರುಳಿಸಿ ಸರಾಸರಿ ತೆಗೆಯಬೇಕು. ಇಳಿಜಾರಿನ ಜಾಗದಲ್ಲಿ ಅಳೆದರೆ ಈ ಸರಾಸರಿಯೂ ಸುಳ್ಳು ಹೇಳುತ್ತದೆ, ಇದ್ದುದಕ್ಕಿಂತ ಹೆಚ್ಚಿನ ವೇಗ ತೋರಿಸುತ್ತದೆ.

ಪಟ್ಟಿಯಿಂದ ಇಳಿಯುವಾಗ ಚೆಂಡಿನ ವೇಗ ಸೆಕೆಂಡಿಗೆ ಸುಮಾರು 1.83 ಮೀಟರ್. ಹುಲ್ಲು ಅದನ್ನು ಎಷ್ಟು ದೂರದಲ್ಲಿ ತಡೆಯಿತು ಎಂಬುದರಿಂದ ಹುಲ್ಲಿನ ಹಿಡಿತ ಗೊತ್ತಾಗುತ್ತದೆ. ಹಿಡಿತ ಗೊತ್ತಾದರೆ, ಎಷ್ಟು ಕಡಿದಾದ ಇಳಿಜಾರಿನಲ್ಲಿ ಚೆಂಡು ನಿಲ್ಲುವುದೇ ಇಲ್ಲ ಎಂದೂ ಲೆಕ್ಕ ಹಾಕಬಹುದು. 7 ಅಡಿ ವೇಗದ ಗ್ರೀನ್‌ನಲ್ಲಿ ಆ ಮಿತಿ ಸುಮಾರು ಶೇ 11 (ನೂರು ಅಡಿಗೆ 11 ಅಡಿ ಇಳಿತ), 10 ಅಡಿಗೆ ಶೇ 8ರ ಹತ್ತಿರ, 13 ಅಡಿಗೆ ಶೇ 6. ಹುಲ್ಲು ನುಣ್ಣಗಾದಷ್ಟೂ ಗುಳಿ ತೋಡಬಹುದಾದ ಜಾಗ ಕುಗ್ಗುತ್ತದೆ. ಮಿತಿಗಿಂತ ತುಸು ಕಡಿಮೆ ಇದ್ದರೂ ಸಾಲದು. ಗುಳಿಯ ಸುತ್ತ ಶೇ 3 ದಾಟಿದರೆ ಆಟ ಫಜೀತಿಯಾಗುತ್ತದೆ.

ಅಗಸ್ಟಾದಲ್ಲಿ ಆದದ್ದು ಇದೇ. ಮೆಕೆಂಜಿ ಏರಿಳಿತಗಳನ್ನು ಎಳೆದದ್ದು ಒರಟಾದ ಬರ್ಮುಡಾ ಹುಲ್ಲಿಗೆ. 1981ರ ಪಂದ್ಯದ ಹೊತ್ತಿಗೆ ಗ್ರೀನ್‌ಗಳಿಗೆ ಸಣ್ಣೆಲೆಯ ಬೆಂಟ್ ಹುಲ್ಲು ಬಂತು. ಇದನ್ನು 3 ಮಿ.ಮೀ. ಆಸುಪಾಸಿಗೆ ಕತ್ತರಿಸಬಹುದು. ಅದೇ ಇಳಿಜಾರಿನಲ್ಲಿ ಚೆಂಡು ನಿಲ್ಲದೆ, ಕೆಲವು ಗ್ರೀನ್‌ಗಳ ಓರೆಯನ್ನೇ ತಗ್ಗಿಸಬೇಕಾಯಿತು.

ಹುಲ್ಲನ್ನು ಇಷ್ಟು ಗಿಡ್ಡ ಕತ್ತರಿಸಿದರೆ ಬೇರೂ ಗಿಡ್ಡವಾಗುತ್ತದೆ. ಆಗ ಭಾರವೆಲ್ಲ ಕೆಳಗಿನ ಮಣ್ಣಿನ ಮೇಲೆ ಬೀಳುತ್ತದೆ. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1960ರಲ್ಲಿ ಪ್ರಕಟಿಸಿದ ವಿಧಾನ, ಆಮೇಲಿನ ತಿದ್ದುಪಡಿಗಳೊಂದಿಗೆ, ಈಗಲೂ ಚಾಲ್ತಿಯಲ್ಲಿದೆ: ಅಡಿಯಲ್ಲಿ 100 ಮಿ.ಮೀ. ತೂತುಕೊಳವೆಗಳು, 5 ಮೀಟರ್ ಮೀರದ ಅಂತರದಲ್ಲಿ. ಅದರ ಮೇಲೆ 100 ಮಿ.ಮೀ. ಜಲ್ಲಿ; ಜಲ್ಲಿಯ ಮೇಲೆ 300 ಮಿ.ಮೀ. ಮರಳಿನ ಮಿಶ್ರಣ. ಜಲ್ಲಿ ಇರುವುದು ನೀರು ಬೇಗ ಬಸಿಯಲೆಂದು ಅನಿಸುತ್ತದೆ. ಅರ್ಧ ಮಾತ್ರ ನಿಜ. ನೆನೆದ ಸ್ಪಂಜನ್ನು ಅಡ್ಡಡ್ಡ ಹಿಡಿಯಿರಿ, ತೊಟ್ಟಿಕ್ಕುವುದು ನಿಲ್ಲುತ್ತದೆ. ಅದನ್ನೇ ನೆಟ್ಟಗೆ ಹಿಡಿದರೆ ಮತ್ತೆ ಸುರಿಯುತ್ತದೆ. ಮರಳಿನ ಸಣ್ಣ ಸಂದುಗಳು ನೀರನ್ನು ಹಿಡಿದುಕೊಳ್ಳುತ್ತವೆ, ಜಲ್ಲಿಯ ದೊಡ್ಡ ಸಂದುಗಳಿಗೆ ಅದನ್ನು ಎಳೆದುಕೊಳ್ಳುವ ಶಕ್ತಿಯಿಲ್ಲ. ಹಾಗಾಗಿ ಮರಳಿನ ತಳದಲ್ಲಿ ಒಂದು ತೇವದ ಪದರ ನಿಂತು, ಮಳೆಯಿಲ್ಲದ ದಿನಕ್ಕೆ ಬೇರಿಗೆ ಒದಗುತ್ತದೆ. ಜೋರು ಮಳೆಯಲ್ಲಿ ಭಾರ ಹೆಚ್ಚಾದಾಗ ಮಾತ್ರ ಅದು ಒಮ್ಮೆಗೇ ಕೆಳಗೆ ಹರಿಯುತ್ತದೆ.

ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಅಂಚಿನಲ್ಲಿ ಮರಳಿಗೆ ತಾಗಿರುವ ಒಣ ಜೇಡಿಮಣ್ಣು ನೀರನ್ನು ಬತ್ತಿಯಂತೆ ಹೀರಿಕೊಂಡು ಅಲ್ಲಿನ ಹುಲ್ಲನ್ನು ಒಣಗಿಸುತ್ತದೆ. ಅದಕ್ಕೇ ಅಂಚಿನುದ್ದಕ್ಕೂ ಪ್ಲಾಸ್ಟಿಕ್ ಹಾಳೆಯನ್ನು ನಿಲ್ಲಿಸುವುದುಂಟು. ಮೇಲ್ಗಡೆ ಸತ್ತ ಬೇರು-ಕಾಂಡಗಳ ಮೆತ್ತೆ ಕಟ್ಟಿಕೊಂಡರೆ ನೀರು ಅಲ್ಲೇ ನಿಂತು, ಆಮ್ಲಜನಕ ಇಳಿಯದೆ, ಬೇರು ಕೊಳೆಯುತ್ತದೆ. ಮಣ್ಣಿನ ಸಣ್ಣ ಉರುಳೆಗಳನ್ನು ಕಿತ್ತು ತೂತುಗಳಿಗೆ ಮರಳು ತುಂಬುವುದು ಇದಕ್ಕೆ ಮದ್ದು. ಆಟಗಾರರು ಇದನ್ನು ಎಷ್ಟು ಬೈದರೂ ಬೇರೆ ದಾರಿಯಿಲ್ಲ.

ಆ ತೇವದ ಪದರ ಪಂದ್ಯದ ವಾರದಲ್ಲಿ ಮಾತ್ರ ಬೇಡ, ಏಕೆಂದರೆ ಮೆತ್ತಗಿನ ಗ್ರೀನ್‌ನಲ್ಲಿ ಚೆಂಡು ಬಿದ್ದಲ್ಲೇ ಕೂರುತ್ತದೆ. 1990ರ ದಶಕದಲ್ಲಿ ಅಗಸ್ಟಾದ ಮೈದಾನ ನೋಡಿಕೊಳ್ಳುತ್ತಿದ್ದ ಮಾರ್ಷ್ ಬೆನ್ಸನ್, ಅದೇ ಬಸಿಗೊಳವೆಗಳಿಗೆ ದೊಡ್ಡ ಫ್ಯಾನ್ ಜೋಡಿಸಿ ನೀರನ್ನು ಕೆಳಗಿನಿಂದ ಹೀರುವ ಸಬ್‌ಏರ್ ವ್ಯವಸ್ಥೆ ರೂಪಿಸಿದರು. ಬೆಂಟ್ ತಂಪು ಹವೆಯ ಹುಲ್ಲು, ಜಾರ್ಜಿಯಾದ ಬೇಸಿಗೆ ಅದಕ್ಕೆ ಒಗ್ಗದು. ಆ ತಿಂಗಳುಗಳಲ್ಲಿ ಮೈದಾನ ಮುಚ್ಚಿರುತ್ತದೆ; ಅದೇ ಫ್ಯಾನನ್ನು ತಿರುವುಮುರುವಾಗಿ ಓಡಿಸಿ ಬೇರಿಗೆ ಗಾಳಿ ಊದಬಹುದು.