ಪಾಂಪ್ಲೆಟ್‌ಗೆ ಮಾತು ಕಡಿಮೆ, ಅಕ್ಷರಕ್ಕೆ ಜಾಗ ಹೆಚ್ಚು

ಚಿಕ್ಕಮಗಳೂರಿನಲ್ಲಿ ಹೊಸ ಕಾಫಿಪುಡಿ ಅಂಗಡಿಯೊಂದು ತೆರೆಯುತ್ತಿದೆ ಎಂದಿಟ್ಟುಕೊಳ್ಳಿ. ಪಾಂಪ್ಲೆಟ್ ಮಾಡಿಸಲು ಪ್ರೆಸ್ಸಿಗೆ ಬರುವ ಚೀಟಿಯಲ್ಲಿ ಸಾಮಾನ್ಯವಾಗಿ ಇಷ್ಟಿರುತ್ತದೆ: ಮೇಲೆ ದೇವರ ಪಟ, ಕೆಳಗೆ ‘ನಿಮ್ಮ ನಗರದಲ್ಲಿ ಪ್ರಪ್ರಥಮ ಬಾರಿಗೆ’, ಆಮೇಲೆ ಅಂಗಡಿಯ ಹೆಸರು, ಹದಿನೈದು ಸಾಮಾನಿನ ಪಟ್ಟಿ, ಮೂರು ಫೋನ್ ನಂಬರು, ‘ಒಮ್ಮೆ ಭೇಟಿ ಕೊಡಿ’. ಕಾಫಿಯ ಊರಿನಲ್ಲಿ ಪ್ರಪ್ರಥಮ ಕಾಫಿಪುಡಿ ಅಂಗಡಿ ಎಂದರೆ ನಂಬುವವರು ಯಾರು?

ಪುಡಿ ಕೊಳ್ಳುವವರು ಕೇಳುವುದು ಮೂರೇ: ಯಾವಾಗ ಹುರಿದದ್ದು, ಚಿಕೋರಿ ಎಷ್ಟು, ಕಾಲು ಕೆ.ಜಿ.ಗೆ ಎಷ್ಟು. ಹಾಳೆಯಲ್ಲಿ ಇರಬೇಕಾದದ್ದೂ ಅದೇ. ‘ನಿಮ್ಮೆದುರೇ ಹುರಿದು ಪುಡಿ ಮಾಡಿಕೊಡುತ್ತೇವೆ’ ಎಂಬ ಒಂದು ಸಾಲು ತಲೆಬರಹವಾಗಲಿ. ಚಿಕೋರಿ ಬೆರೆಸಿದ್ದನ್ನು ‘ಶುದ್ಧ ಕಾಫಿ’ ಎನ್ನಬೇಡಿ, 80:20 ಎಂದು ಪ್ರಮಾಣವನ್ನೇ ಬರೆಯಿರಿ. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು ಎಂಬುದು ಆಹಾರ ಸುರಕ್ಷತೆಯ ನಿಯಮ. ರಿಯಾಯಿತಿ ಇದ್ದರೆ ಕೊನೆಯ ದಿನಾಂಕ ಹಾಕಿ. ಇಲ್ಲವಾದರೆ ಆರು ತಿಂಗಳ ನಂತರವೂ ಹಾಳೆ ಹಿಡಿದು ಬಂದವರ ಜೊತೆ ವಾದಕ್ಕಿಳಿಯಬೇಕಾಗುತ್ತದೆ. ದೇವರ ಪಟ ಬೇಕೇ ಬೇಕೆಂದರೆ ಮೂಲೆಯಲ್ಲಿ ಒಂದು ಸೆಂ.ಮೀ. ಸಾಕು.

ಎ5 ಹಾಳೆಯ ಅಳತೆ 148 × 210 ಮಿ.ಮೀ. ಅಕ್ಷರದ ಗಾತ್ರ ತಲೆಬರಹಕ್ಕೆ 36ರಿಂದ 44 ಪಾಯಿಂಟ್, ವಿವರಕ್ಕೆ 12ರಿಂದ 14, ಫೋನ್ ನಂಬರಿಗೆ 24 ಇರಲಿ. ನಂಬರು ಒಂದೇ ಸಾಕು, ಐದೈದು ಅಂಕಿಯಾಗಿ ಒಡೆದು ಬರೆದರೆ ಓದಲು ಸುಲಭ. ವಿಳಾಸಕ್ಕೆ ಅಡ್ಡರಸ್ತೆಯ ಸಂಖ್ಯೆಗಿಂತ ಎದುರಿಗೆ ಏನಿದೆ ಎಂಬುದೇ ಉಪಯೋಗ. ಕ್ಯೂಆರ್ ಕೋಡ್ 2 ಸೆಂ.ಮೀ.ಗಿಂತ ಚಿಕ್ಕದಾಗಬಾರದು, ಸುತ್ತ ಬಿಳಿ ಅಂಚು ಇರಲೇಬೇಕು.

ಹೆಚ್ಚು ಕೆಡುವುದು ಕನ್ನಡದ ಅಕ್ಷರಗಳಲ್ಲಿ. ಇಂಗ್ಲಿಷ್‌ಗೆ ಹೊಂದಿಸಿದ ಸಾಲಿನ ಅಂತರವನ್ನೇ ಬಿಟ್ಟರೆ ‘ರಾಷ್ಟ್ರೀಯ’, ‘ವಸ್ತ್ರ’ದಂಥ ಪದಗಳ ಒತ್ತಕ್ಷರ ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರ 14 ಪಾಯಿಂಟ್ ಇದ್ದರೆ ಸಾಲಿನ ಅಂತರ 20 ಬೇಕು. ಜಾಗ ಸಾಲದಾಗ ಅಕ್ಷರವನ್ನು ಅಡ್ಡಕ್ಕೆ ಹಿಂಡುವ ಚಾಳಿ ಎಲ್ಲ ಕಡೆ ಇದೆ. ಹಿಂಡಿದರೆ ದುಂಡು ಅಕ್ಷರದ ಹೊಟ್ಟೆ ಮುಚ್ಚಿ ‘ಪ’ ಯಾವುದು, ‘ವ’ ಯಾವುದು ತಿಳಿಯದು. ಹಿಂಡುವ ಬದಲು ಎರಡು ಪದ ಕಿತ್ತುಹಾಕಿ. ಕಡು ಬಣ್ಣದ ಮೇಲೆ ಬಿಳಿ ಅಕ್ಷರ ಹಾಕುವುದಾದರೆ 12 ಪಾಯಿಂಟ್‌ಗಿಂತ ಕಡಿಮೆ ಬೇಡ, ದಪ್ಪ ಅಕ್ಷರವೇ ಇರಲಿ. ತೆಳು ಗೆರೆಯೊಳಗೆ ಇಂಕು ಹರಿದು ತುಂಬಿಕೊಳ್ಳುತ್ತದೆ.

ಇನ್ನೊಂದು ತೊಡಕು. ವಾಟ್ಸಾಪ್‌ನಲ್ಲಿ ನೀವು ಕಳಿಸುವ ಕನ್ನಡ ಯುನಿಕೋಡ್, ಅಂದರೆ ಎಲ್ಲ ಫೋನು, ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ. ಪುಟ ಜೋಡಿಸುವ ಡಿಟಿಪಿಯಲ್ಲಿ ಈಗಲೂ ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳ ಬಳಕೆ ಇದೆ. ಅವುಗಳ ಸಂಕೇತ ಬೇರೆ, ಪರಿವರ್ತಿಸುವಾಗ ‘ಮಾರ್ಕೆಟ್‌ನಲ್ಲಿ’ ಎಂಬುದು ‘ಮಾರ್ಕೆಟ್ನಲ್ಲಿ’ ಆಗಿಬಿಡಬಹುದು. ರೂಪಾಯಿ ಚಿಹ್ನೆ ಬಂದದ್ದೇ 2010ರಲ್ಲಿ, ಹಳೆಯ ಫಾಂಟಿನಲ್ಲಿ ಅದರ ಜಾಗಕ್ಕೆ ಚೌಕವೋ ಬೇರೆ ಅಕ್ಷರವೋ ಕೂರುತ್ತದೆ, ಹಾಗಾಗಿ ‘ರೂ.’ ಎಂದೇ ಬರೆಯಿರಿ. ಪ್ರೆಸ್ಸಿಗೆ ಹೋಗುವ ಫೈಲಿನಲ್ಲಿ ಅಕ್ಷರಗಳನ್ನು ಫಾಂಟ್ ಇಲ್ಲದೆಯೂ ಕಾಣುವ ಗೆರೆಗಳಿಗೆ, ಅಂದರೆ ಕರ್ವ್ಸ್‌ಗೆ ಬದಲಿಸಿಕೊಡಬೇಕು, ಮುಂದೆ ತಿದ್ದಲು ಮೂಲ ಪ್ರತಿಯೊಂದನ್ನು ಇಟ್ಟುಕೊಳ್ಳಬೇಕು.

ಫೋಟೊ ನಾಲ್ಕು ಇಂಚು ಅಗಲಕ್ಕೆ ಬರಬೇಕಾದರೆ 1200 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೊ ಆಗಿ ಕಳಿಸಿದರೆ ಕುಗ್ಗುತ್ತದೆ. ಬಣ್ಣ ಅಂಚಿನವರೆಗೂ ಹೋಗುವುದಿದ್ದರೆ ನಾಲ್ಕೂ ಕಡೆ ಬಣ್ಣವನ್ನೇ 3 ಮಿ.ಮೀ. ಹೆಚ್ಚು ಚಾಚಬೇಕು, ಇಲ್ಲವಾದರೆ ಕಟಿಂಗ್‌ನಲ್ಲಿ ಬಿಳಿ ಗೆರೆ ಉಳಿಯುತ್ತದೆ. ಸಣ್ಣ ಅಕ್ಷರಗಳು ಕಪ್ಪು ಒಂದರಲ್ಲೇ ಇರಲಿ. ನಾಲ್ಕು ಬಣ್ಣ ಸೇರಿಸಿದ ಕಪ್ಪಾದರೆ ಬಣ್ಣಕ್ಕೊಂದರಂತೆ ಇರುವ ಪ್ಲೇಟು ಕೂದಲೆಳೆ ಸರಿದರೂ ಅಕ್ಷರ ಎರಡೆರಡಾಗಿ ಕಾಣುತ್ತದೆ.

ಇನ್ನೂರು ಮುನ್ನೂರು ಹಾಳೆಗೆ ಡಿಜಿಟಲ್ ಪ್ರಿಂಟ್, ಸಾವಿರ ದಾಟಿದರೆ ಆಫ್‌ಸೆಟ್. ದುಡ್ಡು ಕಡಿಮೆಯಿದ್ದರೆ ಕಳಪೆ ಬಹುವರ್ಣಕ್ಕಿಂತ ಹಳದಿ ಪೇಪರಿನ ಮೇಲೆ ಬರೀ ಕಪ್ಪು ಎಷ್ಟೋ ವಾಸಿ, ದೂರಕ್ಕೂ ಕಾಣುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೆ ಆಫ್‌ಸೆಟ್ ಇಂಕು ಬೇಗ ಒಣಗುವುದಿಲ್ಲ. ಹಸಿಯಾಗಿ ಪೇರಿಸಿದ ನುಣುಪಾದ ಆರ್ಟ್ ಪೇಪರಿನಲ್ಲಿ ಒಂದರ ಇಂಕು ಇನ್ನೊಂದರ ಬೆನ್ನಿಗೆ ಹತ್ತುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ದಿನ ಹೆಚ್ಚು ಕೊಟ್ಟು, ಒಣಗಿದ ಮೇಲೆ ಕಟಿಂಗ್ ಮಾಡಿಸಿ. ತೆಳುವಾದ, ಹೊಳಪಿಲ್ಲದ ಮ್ಯಾಪ್‌ಲಿಥೊ ಪೇಪರಿನಲ್ಲಿ ಇನ್ನೊಂದು ಬದಿಯ ಅಕ್ಷರ ಕಾಣಿಸುತ್ತದೆ, ಹಾಗಾಗಿ ಎರಡೂ ಬದಿ ಮುದ್ರಿಸುವುದಿದ್ದರೆ ಪೇಪರಿನ ತೂಕದಲ್ಲಿ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ) 90 ಜಿಎಸ್‌ಎಂಗಿಂತ ಕೆಳಗೆ ಇಳಿಯಬೇಡಿ.

ಪ್ರೂಫ್ ಮೊಬೈಲಿನಲ್ಲಿ ನೋಡಿ ಒಪ್ಪಬೇಡಿ. ನಿಜವಾದ ಅಳತೆಗೆ ಪ್ರಿಂಟ್ ತೆಗೆಸಿ, ತೋಳಿನಳತೆಯ ದೂರದಲ್ಲಿ ಹಿಡಿದು ಓದಿ. ಅದರಲ್ಲಿರುವ ನಂಬರಿಗೇ ಫೋನ್ ಮಾಡಿ, ಕೋಡನ್ನೂ ಆ ಕಾಗದದಿಂದಲೇ ಸ್ಕ್ಯಾನ್ ಮಾಡಿ.

ಹಂಚುವುದು ಪೇಪರ್ ಏಜೆಂಟರ ಮೂಲಕವಾದರೆ ಹಿಂದಿನ ಸಂಜೆಯೇ ನೂರರ ಕಟ್ಟು ಕಟ್ಟಿ ತಲುಪಿಸಿ. ತೋಟದ ಕಡೆಯವರು ಪೇಟೆಗೆ ಬರುವ ಸಂತೆಯ ದಿನ ಕೈಗೆ ಕೊಡುವುದೂ ಒಳ್ಳೆಯದು. ಹಾಸನದಲ್ಲಿ ದೀಪಾವಳಿಯ ಹೊತ್ತಿಗೆ ಹಾಸನಾಂಬ ದರ್ಶನದ ಸಾಲಿನಲ್ಲಿ ಹಂಚುವ ಆಸೆ ಹಲವರಿಗೆ. ಊರಾಚೆಯಿಂದ ಬಂದವರು ನಿತ್ಯದ ಗಿರಾಕಿಗಳಾಗುವುದಿಲ್ಲ, ಹಾಳೆ ಕಾಲಡಿಗೆ ಹೋಗುತ್ತದೆ. ಊಟ, ವಸತಿಯ ವ್ಯಾಪಾರವಾದರೆ ಮಾತು ಬೇರೆ. ಒಂದೊಂದು ಬಡಾವಣೆಯ ಹಾಳೆಗಳ ಮೂಲೆಗೆ ಒಂದೊಂದು ಬಣ್ಣದ ಸ್ಕೆಚ್ ಪೆನ್ನಿನ ಗೀಟು ಎಳೆದಿಡಿ. ಹಾಳೆ ತಂದವರಿಗೆ ಹತ್ತು ರೂಪಾಯಿ ಬಿಟ್ಟು ಹಾಳೆಯನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ, ಮುಂದಿನ ಸಲ ಯಾವ ಬೀದಿಗೆ ಎಷ್ಟು ಕಟ್ಟು ಎಂಬುದು ಎಣಿಸಿದಾಗಲೇ ಗೊತ್ತಾಗುತ್ತದೆ.