ಸ್ನೆಲ್, ಕೋ, ರುಡಿಶಾ: ಬೇರೆ ಬೇರೆ ಕಾಲದ ಓಟಗಾರರನ್ನು ಹೋಲಿಸೋದು ಹೇಗೆ?

ಓದುಗರ ಪ್ರಶ್ನೆ: 800 ಮೀಟರ್, 1500 ಮೀಟರ್ ಓಟಗಳಲ್ಲಿ ಈಗಿನವರ ಟೈಮ್ ನೋಡಿದರೆ ಹಳಬರದ್ದು ಏನೂ ಅಲ್ಲ ಅನ್ನಿಸುತ್ತದೆ. ಆದರೂ ಪೀಟರ್ ಸ್ನೆಲ್, ಹರ್ಬ್ ಎಲಿಯಟ್, ಸೆಬಾಸ್ಟಿಯನ್ ಕೋ ಅಂತ ಇನ್ನೂ ಯಾಕೆ ಹೊಗಳುತ್ತಾರೆ? ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿದರೆ ಗೆಲ್ಲುವವರು ಯಾರು?

ಉತ್ತರ: ಕ್ರಿಕೆಟ್‌ನಲ್ಲಿ ವಿಶ್ವನಾಥ್ ದೊಡ್ಡವರಾ, ದ್ರಾವಿಡ್ ದೊಡ್ಡವರಾ ಅಂತ ಮಾತು ಶುರುವಾದರೆ ಬೆಳಗಾದರೂ ಮುಗಿಯಲ್ಲ. ಓಟದಲ್ಲಿ ಗಡಿಯಾರ ಇದೆಯಲ್ಲ, ಅದನ್ನು ನೋಡಿದರೆ ಸಾಕು, ಜಗಳವೇ ಇಲ್ಲ ಅಂದುಕೊಳ್ಳುತ್ತೇವೆ. ಆದರೆ ಗಡಿಯಾರ ಹೇಳೋದು ಆ ದಿನ, ಆ ನೆಲದ ಮೇಲೆ, ಆ ಬೂಟಿನಲ್ಲಿ, ಆ ಜೊತೆಗಾರರ ನಡುವೆ ಎಷ್ಟು ಹೊತ್ತಾಯಿತು ಅನ್ನೋದನ್ನು ಮಾತ್ರ.

ಮೊದಲು, ಹಳಬರ ಟೈಮ್ ಏನೂ ಅಲ್ಲ ಅನ್ನುವ ಮಾತನ್ನೇ ನೋಡೋಣ. 1981ರ ಜೂನ್‌ನಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಕೋ 800 ಮೀಟರನ್ನು 1:41.73ರಲ್ಲಿ ಓಡಿದರು. 2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಕೀನ್ಯಾದ ಇಮ್ಯಾನುಯೆಲ್ ವನ್ಯೋನಿ ಗೆದ್ದದ್ದು 1:41.19ರಲ್ಲಿ. ನಾಲ್ಕನೆಯವರಾಗಿ ಬಂದ ಅಮೆರಿಕದ ಬ್ರೈಸ್ ಹಾಪೆಲ್ 1:41.67. ಐದನೆಯವರು 1:42ರ ಆಚೆ. ಅಂದರೆ 43 ವರ್ಷ ಹಳೆಯ ಟೈಮ್ ತಂದು ಅಲ್ಲಿ ಇಟ್ಟರೆ ಐದನೇ ಸ್ಥಾನ! ಅದೂ ಈಗಿನ ಬೂಟು ಇಲ್ಲದೆ. ಇದನ್ನು ಏನೂ ಅಲ್ಲ ಅನ್ನೋದಕ್ಕೆ ಆಗಲ್ಲ ಅಲ್ವಾ?

800 ಮೀಟರ್ ವಿಶ್ವದಾಖಲೆ ಇವತ್ತಿಗೂ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಡೇವಿಡ್ ರುಡಿಶಾ ಓಡಿದ 1:40.91. ಕೋ ಅವರ ಓಟಕ್ಕೂ ಇದಕ್ಕೂ ಇರುವ ಅಂತರ ಒಂದು ಸೆಕೆಂಡ್ ಕೂಡ ಇಲ್ಲ. ಅದೇ ಲಂಡನ್ ಫೈನಲ್‌ನಲ್ಲಿ ಎರಡನೆಯವರಾದ ಬೋಟ್ಸ್ವಾನದ ನಿಜೆಲ್ ಏಮಸ್ ಟೈಮ್ ಎಷ್ಟು ಗೊತ್ತಾ? ಸರಿಯಾಗಿ 1:41.73.

ಈಗ ಇನ್ನೂ ಹಿಂದಕ್ಕೆ ಹೋಗೋಣ. ನನಗೆ ತುಂಬಾ ಇಷ್ಟವಾದ ಉದಾಹರಣೆ ಇಲ್ಲಿದೆ. 1962ರ ಫೆಬ್ರವರಿ 3ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಪೀಟರ್ ಸ್ನೆಲ್ 1:44.3ರಲ್ಲಿ ಓಡಿದರು. ಓಡಿದ್ದು ಹುಲ್ಲಿನ ಮೇಲೆ. ಹೌದು, ಲ್ಯಾಂಕಾಸ್ಟರ್ ಪಾರ್ಕ್ ಮೈದಾನದ ಹುಲ್ಲಿನ ಮೇಲೆ ಗೆರೆ ಹಾಕಿ ಮಾಡಿದ ಟ್ರ್ಯಾಕ್ ಅದು. ಅಷ್ಟೇ ಅಲ್ಲ, ಅವತ್ತಿನ ಓಟ 880 ಗಜದ್ದು. 800 ಮೀಟರ್ ಗೆರೆ ದಾರಿಯಲ್ಲಿ ಸಿಕ್ಕಿತು, ಅವರು ಅದನ್ನು ದಾಟಿ ಇನ್ನೂ ನಾಲ್ಕೂವರೆ ಮೀಟರ್ ಓಡಿ 880 ಗಜದ ದಾಖಲೆಯನ್ನೂ ಮಾಡಿದರು. ಅದಕ್ಕೂ ಮೊದಲಿದ್ದ 800 ಮೀಟರ್ ವಿಶ್ವದಾಖಲೆ ಬೆಲ್ಜಿಯಂನ ರೋಜರ್ ಮೂನ್ಸ್ ಅವರ 1:45.7. ಒಂದೇ ಏಟಿಗೆ 1.4 ಸೆಕೆಂಡ್ ಕಡಿತ! ಒಂದು ವಾರದ ಹಿಂದಷ್ಟೇ ವಾಂಗನೂಯಿ ಊರಿನಲ್ಲಿ, ಅಲ್ಲೂ ಹುಲ್ಲಿನ ಮೇಲೇ, ಮೈಲಿ ಓಟದ ವಿಶ್ವದಾಖಲೆಯನ್ನು 3:54.4ಕ್ಕೆ ಇಳಿಸಿದ್ದರು.

ಆ 1:44.3 ನ್ಯೂಜಿಲೆಂಡಿನ ರಾಷ್ಟ್ರೀಯ ದಾಖಲೆಯಾಗಿ 2024ರವರೆಗೂ ಉಳಿಯಿತು. ಮಧ್ಯಮ ದೂರದ ಓಟ ಅಂದರೆ ಪ್ರಾಣ ಬಿಡುವ ದೇಶ ಅದು. ಜಾನ್ ವಾಕರ್‌ನಂಥವರು ಬಂದುಹೋದರು. ಸಿಂಥೆಟಿಕ್ ಟ್ರ್ಯಾಕ್ ಬಂತು, ಹೊಸ ಸ್ಪೈಕ್ಸ್ (ಅಡಿಯಲ್ಲಿ ಮೊಳೆ ಇರುವ ಓಟದ ಬೂಟು) ಬಂತು. ಆದರೂ ಹುಲ್ಲಿನ ಮೇಲಿನ ದಾಖಲೆ ಅರವತ್ತು ವರ್ಷ ದಾಟಿ ನಿಂತಿತ್ತು.

ಹಾಗಾದರೆ ಹುಲ್ಲಿಗೆ ಇಷ್ಟು ಸೆಕೆಂಡ್, ಬೂಟಿಗೆ ಇಷ್ಟು ಸೆಕೆಂಡ್ ಅಂತ ಕಳೆದು ಸ್ನೆಲ್ ಅವರ 'ನಿಜವಾದ' ಟೈಮ್ ಲೆಕ್ಕ ಹಾಕಬಹುದಲ್ಲ ಅಂತ ಕೆಲವರು ಹೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಸ್ನೆಲ್ ಗಟ್ಟಿಮುಟ್ಟಾದ ಆಳು, ಒತ್ತಿ ಹೆಜ್ಜೆ ಇಡುವವರು. ಕೋ ಹಗುರ ಮೈಯವರು, ಚಿಗರೆಯ ಹಾಗೆ ಓಡುವವರು. ಮೆತ್ತನೆ ನೆಲ ಇಬ್ಬರಿಂದಲೂ ಒಂದೇ ಲೆಕ್ಕದಲ್ಲಿ ಶಕ್ತಿ ಹೀರುವುದಿಲ್ಲ. ಈಗಿನ ಸ್ಪೈಕ್ಸ್ ಕೂಡ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಸಹಾಯ ಮಾಡೋದಿಲ್ಲ. ಇನ್ನು ತರಬೇತಿ. ಸ್ನೆಲ್ ಅವರ ಕೋಚ್ ಆರ್ಥರ್ ಲಿಡಿಯಾರ್ಡ್ 800 ಮೀಟರ್‌ನ, ಅಂದರೆ ಬರೀ ಎರಡು ಸುತ್ತಿನ ಓಟಗಾರನನ್ನೂ ವಾರಕ್ಕೆ ನೂರು ಮೈಲಿ ಓಡಿಸುತ್ತಿದ್ದರು. ಮೈಲಿಯನ್ನು ನಾಲ್ಕು ನಿಮಿಷದೊಳಗೆ ಮೊದಲು ಓಡಿದ ರೋಜರ್ ಬ್ಯಾನಿಸ್ಟರ್ ಮೆಡಿಕಲ್ ವಿದ್ಯಾರ್ಥಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಭ್ಯಾಸ ಮಾಡುತ್ತಿದ್ದವರು. ಇದನ್ನೆಲ್ಲ ಯಾವ ಸೆಕೆಂಡಿಗೆ ತಿರುಗಿಸ್ತೀರಿ?

ಟೈಮ್ ಬಿಟ್ಟು ಗೆಲುವನ್ನೇ ನೋಡೋಣ ಅಂದರೆ ಅಲ್ಲೂ ತೊಡಕು. ಒಲಿಂಪಿಕ್ಸ್‌ನಲ್ಲಿ ಪೇಸ್‌ಮೇಕರ್, ಅಂದರೆ ಉಳಿದವರಿಗೆ ವೇಗ ಹಾಕಿಕೊಡಲೆಂದೇ ಮುಂದೆ ಓಡುವವರು, ಇರುವುದಿಲ್ಲ. ಯಾರೂ ಮುಂದೆ ಹೋಗಲು ಒಪ್ಪದಿದ್ದರೆ ಓಟ ವಾಕಿಂಗ್ ಥರ ಆಗಿಬಿಡುತ್ತದೆ. 2016ರ ರಿಯೋದಲ್ಲಿ ಮ್ಯಾಥ್ಯೂ ಸೆಂಟ್ರೋವಿಟ್ಜ್ 1500 ಮೀಟರ್ ಚಿನ್ನ ಗೆದ್ದದ್ದು 3:50.00ರಲ್ಲಿ. 1932ರ ನಂತರ ಅಷ್ಟು ನಿಧಾನದ ಒಲಿಂಪಿಕ್ ಫೈನಲ್ ಇರಲಿಲ್ಲ. ಕೆಲವೇ ವಾರಗಳಲ್ಲಿ ಅದೇ ಊರಿನ ಪ್ಯಾರಾಲಿಂಪಿಕ್ಸ್‌ನಲ್ಲಿ ದೃಷ್ಟಿದೋಷ ಇರುವವರ ಟಿ13 ವಿಭಾಗದ ಮೊದಲ ನಾಲ್ವರೂ ಅದಕ್ಕಿಂತ ಬೇಗ ಓಡಿದರು. ಹಾಗಂತ ಸೆಂಟ್ರೋವಿಟ್ಜ್ ಸುಮ್ನೆ ಗೆದ್ದರಾ? ಇಲ್ಲ. ಕೊನೆಯ ಸುತ್ತನ್ನು ಅವರು 50.62 ಸೆಕೆಂಡಿನಲ್ಲಿ ಓಡಿದ್ದರು, ಮುಂದಿನ ಜಾಗ ಯಾರಿಗೂ ಬಿಟ್ಟುಕೊಡದೆ. ಟೈಮ್ ಕೆಟ್ಟದ್ದು, ಓಟ ಒಳ್ಳೆಯದು.

ನಾನು ಜಾಸ್ತಿ ನಂಬುವ ಅಳತೆ ಇದು: ತನ್ನ ಕಾಲದ ಉಳಿದವರಿಂದ ಎಷ್ಟು ಮುಂದಿದ್ದರು? 1960ರ ರೋಮ್‌ನಲ್ಲಿ ಆಸ್ಟ್ರೇಲಿಯಾದ ಹರ್ಬ್ ಎಲಿಯಟ್ 1500 ಮೀಟರನ್ನು 3:35.6ರ ವಿಶ್ವದಾಖಲೆಯೊಂದಿಗೆ ಗೆದ್ದರು. ಎರಡನೆಯವರಾದ ಫ್ರಾನ್ಸಿನ ಮಿಷೆಲ್ ಜಾಜಿ 2.8 ಸೆಕೆಂಡ್ ಹಿಂದೆ. ಮರಳು ದಿಬ್ಬ ಹತ್ತಿ ಹತ್ತಿ ತಯಾರಾದ ಹುಡುಗ ಅವರು. ದೊಡ್ಡವರ ವಿಭಾಗದಲ್ಲಿ 1500 ಮೀಟರ್ ಮತ್ತು ಮೈಲಿ ಓಟದಲ್ಲಿ ಒಮ್ಮೆಯೂ ಸೋಲಲಿಲ್ಲ. 25 ತುಂಬುವ ಮೊದಲೇ ಓಟ ಬಿಟ್ಟರು. 2024ರ ಪ್ಯಾರಿಸ್‌ನಲ್ಲಿ ಅದೇ ಓಟವನ್ನು ಕೋಲ್ ಹಾಕರ್ ಗೆದ್ದದ್ದು 3:27.65ರಲ್ಲಿ, ಅಂತರ 0.14 ಸೆಕೆಂಡ್. ಹಾಕರ್ ಟೈಮ್ ಎಂಟು ಸೆಕೆಂಡ್ ಉತ್ತಮ. ಆದರೆ ಎಲಿಯಟ್ ಅವತ್ತು ಓಡಿದ್ದನ್ನು ಭೂಮಿಯ ಮೇಲೆ ಇನ್ನೊಬ್ಬರು ಓಡಬಲ್ಲವರಾಗಿರಲಿಲ್ಲ.

ಇಷ್ಟು ಹೇಳಿದ ಮೇಲೆ ಈ ಅಳತೆಯ ಹುಳುಕೂ ಹೇಳಬೇಕು. ಮುಂದಿದ್ದರು ಸರಿ, ಆದರೆ ಯಾರಿಗಿಂತ? ಗೆರೆಯಲ್ಲಿ ಯಾರು ನಿಂತಿದ್ದರು, ಯಾರು ಬರಲಿಲ್ಲ ಅನ್ನೋದು ದೊಡ್ಡ ವಿಷಯ. ರೋಮ್‌ನ ಹೊತ್ತಿಗೆ ಪೂರ್ವ ಆಫ್ರಿಕಾದ ಓಟಗಾರರು ಈ ಓಟಗಳಿಗೆ ಇನ್ನೂ ಸರಿಯಾಗಿ ಬಂದೇ ಇರಲಿಲ್ಲ. ಅವರು ಬಂದಾಗ ಏನಾಯಿತು ಅಂತ 1968ರಲ್ಲಿ ಗೊತ್ತಾಯಿತು. ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದ ಮೆಕ್ಸಿಕೋ ಸಿಟಿಯಲ್ಲಿ ಕೀನ್ಯಾದ ಕಿಪ್ ಕೀನೊ 3:34.91ರಲ್ಲಿ 1500 ಮೀಟರ್ ಗೆದ್ದರು. ವಿಶ್ವದಾಖಲೆ ಹೊಂದಿದ್ದ ಅಮೆರಿಕದ ಜಿಮ್ ರಯನ್ ಸುಮಾರು ಮೂರು ಸೆಕೆಂಡ್ ಹಿಂದೆ. ಆ ಎತ್ತರದಲ್ಲಿ ಆಮ್ಲಜನಕ ಕಡಿಮೆ. ಬೆಟ್ಟದಲ್ಲಿ ಹುಟ್ಟಿ ಬೆಳೆದ ಕೀನೊಗೆ ಅದು ಅಭ್ಯಾಸ, ರಯನ್‌ಗೆ ಅಲ್ಲ. ಬಯಲಿನಲ್ಲಿ ಓಟ ನಡೆದಿದ್ದರೆ? ಈ ವಾದ ಇನ್ನೂ ಮುಗಿದಿಲ್ಲ.

1976ರ ಮಾಂಟ್ರಿಯಲ್ ಇನ್ನೂ ವಿಚಿತ್ರ. ನ್ಯೂಜಿಲೆಂಡಿನ ರಗ್ಬಿ ತಂಡ ವರ್ಣಭೇದದ ದಕ್ಷಿಣ ಆಫ್ರಿಕಾಕ್ಕೆ ಆಡಲು ಹೋಯಿತು ಅಂತ ಆಫ್ರಿಕಾದ ದೇಶಗಳು ಒಲಿಂಪಿಕ್ಸ್ ಬಹಿಷ್ಕರಿಸಿದವು. ಕೀನ್ಯಾದ ಮೈಕ್ ಬಾಯ್ಟ್ 800 ಮೀಟರ್ ತಪ್ಪಿಸಿಕೊಂಡರು. 1500 ಮೀಟರ್ ವಿಶ್ವದಾಖಲೆ ಹೊಂದಿದ್ದ ಟಾಂಜಾನಿಯಾದ ಫಿಲ್ಬರ್ಟ್ ಬಾಯಿಯೂ ಬರಲಿಲ್ಲ. ಅವರಿಲ್ಲದ ಆ ಓಟದ ಚಿನ್ನ ಯಾರಿಗೆ ಹೋಯಿತು? ನ್ಯೂಜಿಲೆಂಡಿನ ಜಾನ್ ವಾಕರ್‌ಗೆ!

ಅದೇ ಮಾಂಟ್ರಿಯಲ್‌ನ 800 ಮೀಟರ್ ಫೈನಲ್‌ನಲ್ಲಿ ನಮ್ಮ ಶ್ರೀರಾಮ್ ಸಿಂಗ್ ಇದ್ದರು. ಇದನ್ನು ನಮ್ಮವರೇ ಮರೆತಿದ್ದಾರೆ. ಗುಂಡು ಹಾರಿದ ಮೇಲೆ ಅವರು ಯಾರ ಮುಲಾಜೂ ಇಲ್ಲದೆ ಮುಂದೆ ಹೋದರು. ಮೊದಲ ಸುತ್ತು 50.85 ಸೆಕೆಂಡ್, ಭಾರತದವರೇ ಮುಂದೆ. ಕ್ಯೂಬಾದ ಆಲ್ಬರ್ಟೊ ಹುವಾಂಟೊರೆನಾ ಎರಡನೇ ಸುತ್ತಿನಲ್ಲಿ ದಾಟಿಕೊಂಡು 1:43.50ರ ವಿಶ್ವದಾಖಲೆಯೊಂದಿಗೆ ಗೆದ್ದರು. ಆ ದಾಖಲೆಗೆ ಬೇಕಿದ್ದ ವೇಗ ಹಾಕಿಕೊಟ್ಟವರು ಶ್ರೀರಾಮ್ ಸಿಂಗ್ ಅಂತ ಹೇಳಿದರೆ ತಪ್ಪಿಲ್ಲ. ಅವರು 1:45.77ರಲ್ಲಿ ಏಳನೆಯವರಾದರು. ಆ ರಾಷ್ಟ್ರೀಯ ದಾಖಲೆ ಮುರಿಯಲು 42 ವರ್ಷ ಬೇಕಾಯಿತು. 2018ರಲ್ಲಿ ಜಿನ್ಸನ್ ಜಾನ್ಸನ್ 1:45.65 ಓಡಿದರು. ಬರೀ ಟೈಮ್ ನೋಡಿದರೆ ಜಿನ್ಸನ್ ಮೇಲು. ಆದರೆ ಒಲಿಂಪಿಕ್ಸ್ ಫೈನಲ್‌ನಲ್ಲಿ ಮುಂದೆ ನಿಂತು ಆ ವೇಗ ಹಾಕಿದ ಎದೆಗಾರಿಕೆಗೆ ನನ್ನ ವೋಟು ಶ್ರೀರಾಮ್‌ಗೇ.

ಬೂಟು, ದೀಪದ ವಿಷಯ ಬೇಗ ಮುಗಿಸುತ್ತೇನೆ. 2020ರ ಸುಮಾರಿನಿಂದ ಸ್ಪೈಕ್ಸ್‌ನ ಅಡಿಗೆ ಪುಟಿಯುವ ಫೋಮ್, ಗಡುಸಾದ ಪ್ಲೇಟ್ ಬಂದಿವೆ. ಅಟ್ಟೆ ಎಷ್ಟು ದಪ್ಪ ಇರಬಹುದು ಅಂತ ಈ ಕ್ರೀಡೆಯ ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ಮಿತಿ ಹಾಕಿದೆ, 2024ರ ನವೆಂಬರ್‌ನಿಂದ ಟ್ರ್ಯಾಕ್‌ನಲ್ಲಿ 20 ಮಿಲಿಮೀಟರ್. (ಈ ಸಂಸ್ಥೆಗೆ 2015ರಿಂದ ಅಧ್ಯಕ್ಷರು ಅದೇ ಸೆಬಾಸ್ಟಿಯನ್ ಕೋ.) ದೊಡ್ಡ ಕೂಟಗಳಲ್ಲಿ ಟ್ರ್ಯಾಕ್‌ನ ಒಳ ಅಂಚಿನಲ್ಲಿ ದೀಪಗಳು ಬೇಕಾದ ವೇಗದಲ್ಲಿ ಓಡುತ್ತವೆ. ಓಟಗಾರ ಅದನ್ನು ಹಿಂಬಾಲಿಸಿದರೆ ಆಯಿತು. ಇಷ್ಟೆಲ್ಲ ಇದ್ದರೂ ಗಂಡಸರ 1500 ಮೀಟರ್ ದಾಖಲೆ ಮೊರಾಕೊದ ಹಿಶಾಮ್ ಎಲ್ ಗೆರೂಜ್ 1998ರಲ್ಲಿ ರೋಮ್‌ನಲ್ಲಿ ಓಡಿದ 3:26.00 ಆಗಿಯೇ ಉಳಿದಿದೆ. ಈಗಿನ ಪ್ರತಿಭೆ ಯಾಕೋಬ್ ಇಂಗೆಬ್ರಿಗ್ಟ್‌ಸೆನ್ 2024ರಲ್ಲಿ 3:26.73ರ ತನಕ ಬಂದು ನಿಂತರು.

ಅಲ್ಲಿಗೆ ಬಂದಾಗ ಉದ್ದೀಪನ ಮದ್ದಿನ ಮಾತು ಬಂದೇ ಬರುತ್ತದೆ. ರಕ್ತದಲ್ಲಿ ಆಮ್ಲಜನಕ ಸಾಗಿಸುವ ಶಕ್ತಿ ಹೆಚ್ಚಿಸುವ ಇಪಿಒಗೆ ಒಲಿಂಪಿಕ್ಸ್‌ನಲ್ಲಿ ಪರೀಕ್ಷೆ ಶುರುವಾದದ್ದೇ 2000ದ ಸಿಡ್ನಿಯಲ್ಲಿ. ಹಾಗಾಗಿ 90ರ ದಶಕದ ಟೈಮ್‌ಗಳನ್ನು ಜನ ಅನುಮಾನದಿಂದ ನೋಡುತ್ತಾರೆ. ಎಲ್ ಗೆರೂಜ್ ಯಾವ ಪರೀಕ್ಷೆಯಲ್ಲೂ ಸಿಕ್ಕಿಬಿದ್ದವರಲ್ಲ. ಒಂದು ಕಾಲದ ಮೇಲಿನ ಅನುಮಾನವನ್ನು ತಂದು ಒಬ್ಬರ ತಲೆಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಹೆಂಗಸರ 800 ಮೀಟರ್ ದಾಖಲೆಗೂ ಇದೇ ಮಾತು. ಚೆಕೊಸ್ಲೊವಾಕಿಯಾದ ಯಾರ್ಮಿಲಾ ಕ್ರಾಟೊಖ್ವಿಲೊವಾ 1983ರಲ್ಲಿ ಓಡಿದ 1:53.28ನ್ನು ನಲವತ್ತು ವರ್ಷ ಕಳೆದರೂ ಯಾರೂ ಮುಟ್ಟಿಲ್ಲ. ಅವರೂ ಸಿಕ್ಕಿಬಿದ್ದಿಲ್ಲ, ಆದರೆ ಆ ಕಾಲದ ತಪಾಸಣೆ ತೀರಾ ಸಡಿಲ.

ಹೆಂಗಸರ ವಿಷಯದಲ್ಲಿ ಕಾಲಗಳ ಹೋಲಿಕೆ ಇನ್ನೂ ಕಷ್ಟ, ಯಾಕೆಂದರೆ ಅವರಿಗೆ ಓಡಲು ಬಿಟ್ಟದ್ದೇ ತಡವಾಗಿ. 1928ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 800 ಮೀಟರ್ ಇಟ್ಟರು. ಓಡಿದವರು ಸುಸ್ತಾಗಿ ಬಿದ್ದರು ಅಂತ ಪತ್ರಿಕೆಗಳು ಉಪ್ಪುಖಾರ ಹಚ್ಚಿ ಬರೆದವು. ಆಮೇಲೆ 1960ರ ತನಕ ಆ ಓಟವೇ ಇಲ್ಲ. 1500 ಮೀಟರ್ ಸೇರಿದ್ದು 1972ರಲ್ಲಿ. ಅವತ್ತು ಸೋವಿಯತ್‌ನ ಲ್ಯುದ್ಮಿಲಾ ಬ್ರಗೀನಾ 4:01.4ರಲ್ಲಿ ಗೆದ್ದರೆ, 2025ರಲ್ಲಿ ಫೇತ್ ಕಿಪ್ಯೆಗಾನ್ 3:48.68 ಓಡಿದ್ದಾರೆ. ಆದರೆ ಕಿಪ್ಯೆಗಾನ್ ದೊಡ್ಡವರು ಅನ್ನೋದಕ್ಕೆ ನನಗೆ ಆ ಟೈಮ್‌ಗಿಂತ 2016, 2021, 2024ರ ಮೂರು ಒಲಿಂಪಿಕ್ಸ್‌ಗಳಲ್ಲಿ ಸತತವಾಗಿ 1500 ಮೀಟರ್ ಚಿನ್ನ ಗೆದ್ದದ್ದು ದೊಡ್ಡ ಸಾಕ್ಷಿ. ನಡುವೆ ಮಗುವಾಗಿ, ಮತ್ತೆ ಬಂದು ಗೆದ್ದವರು.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಒಂದೇ ಗೆರೆಯಲ್ಲಿ ನಿಲ್ಲಿಸಿದರೆ ಯಾರು? ತಪ್ಪಿಸಿಕೊಳ್ಳದೆ ಹೇಳುತ್ತೇನೆ. 800 ಮೀಟರ್, ಎಲ್ಲರಿಗೂ ಒಂದೇ ಟ್ರ್ಯಾಕ್, ಒಂದೇ ಬೂಟು, ಪೇಸ್‌ಮೇಕರ್ ಇಲ್ಲ: ರುಡಿಶಾ. ಲಂಡನ್‌ನಲ್ಲಿ ಮೊದಲ ಸುತ್ತಿನಿಂದಲೇ ಮುಂದೆ ಇದ್ದು, ಯಾರ ನೆರಳೂ ಇಲ್ಲದೆ ವಿಶ್ವದಾಖಲೆ ಓಡಿದವರು. ಅವತ್ತು ಎಂಟನೆಯವರ 1:43.77 ಕೂಡ ಹಿಂದಿನ ಮೂರು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆಲ್ಲುವಂಥ ಟೈಮ್. ಎರಡನೆಯವರು ಸ್ನೆಲ್. 1500 ಮೀಟರ್ ಆದರೆ, ಶುರುವಿನಿಂದ ಜೋರಾಗಿ ಹೋದರೆ ಎಲ್ ಗೆರೂಜ್. ನಿಧಾನವಾಗಿ ಹೋಗಿ ಕೊನೆಯ ಸುತ್ತಿಗೆ ಉಳಿದರೆ ಕೋ. 1500ರ ಒಲಿಂಪಿಕ್ ಚಿನ್ನವನ್ನು ಬೆನ್ನುಬೆನ್ನಿಗೆ ಎರಡು ಸಲ ಗೆದ್ದ ಗಂಡಸು ಅವರೊಬ್ಬರೇ. ಎಲಿಯಟ್ ಅವರನ್ನು ಎಲ್ಲಿ ಇಡಬೇಕು ಅಂತ ಕೇಳಿದರೆ, ಕೊನೆಯ ಎರಡು ಸುತ್ತು ಇರುವಾಗಲೇ ಅವರು ಹೊರಟುಬಿಡುತ್ತಾರೆ. ಅಷ್ಟು ದೂರದಿಂದ ಹೊರಟವರ ಬೆನ್ನು ಹತ್ತೋದಕ್ಕೆ ಕೋಗೂ ಸುಲಭ ಇರಲ್ಲ.